ದಾರಿ ಕಾಯುವುದಷ್ಟೇ ಸಾಲದು

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಎತ್ತಿನ ಬೆಲೆಯನ್ನು ಯಾರೂ ಕೂಗಿ ಹೇಳುವುದಿಲ್ಲ. ಪುಷ್ಯ ಶುದ್ಧ ಷಷ್ಠಿಯ ಬ್ರಹ್ಮರಥೋತ್ಸವದ ಆಸುಪಾಸಿನಲ್ಲಿ ಹಳ್ಳಿಕಾರ್ ಜೋಡಿಗಳು ಬಂದು ನಿಲ್ಲುತ್ತವೆ. ಕೊಳ್ಳುವವರು ಹಲ್ಲು ನೋಡುತ್ತಾರೆ, ಸುಳಿ ನೋಡುತ್ತಾರೆ, ನಡಿಗೆ ನೋಡುತ್ತಾರೆ. ಮಾತು ಬೆಲೆಗೆ ಬಂದಾಗ ದಲ್ಲಾಳಿ ಹೆಗಲ ಮೇಲಿನ ಟವೆಲ್ ತೆಗೆದು ಕೈಗೆ ಹೊದಿಸುತ್ತಾನೆ. ಅದರ ಮರೆಯಲ್ಲಿ ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿಯುತ್ತಾರೆ. ಬೆರಳೇ ಅಂಕಿ. ಸುತ್ತ ಎಷ್ಟು ಜನ ನಿಂತಿದ್ದರೂ ಒಳಗೆ ನಡೆದ ಲೆಕ್ಕ ಅವರಿಗೆ ತಿಳಿಯುವುದಿಲ್ಲ.

ಇಂದು ನಮ್ಮ ಪಾಸ್‌ವರ್ಡುಗಳು ಇಂಟರ್‌ನೆಟ್ಟಿನಲ್ಲಿ ಸಾಗುವುದು ಹೆಚ್ಚುಕಡಿಮೆ ಹೀಗೆಯೇ. ನಮ್ಮ ಫೋನಿಗೂ ದೂರದ ಸರ್ವರ್‌ಗೂ ನಡುವೆ ಗೂಢಲಿಪಿಯ ಒಂದು ಸುರಂಗ ಏರ್ಪಡುತ್ತದೆ. ನಾವು ಒತ್ತಿದ ಅಕ್ಷರಗಳು ಅದರೊಳಗೆ ಹೋಗುತ್ತವೆ, ಹೊರಗಿನವರಿಗೆ ಅರ್ಥವಿಲ್ಲದ ಗೀಚು ಮಾತ್ರ ಕಾಣುತ್ತದೆ. ಆದರೆ ಟವೆಲ್ ಮರೆಮಾಡುವುದು ಸುತ್ತ ನಿಂತವರ ಕಣ್ಣಿಗೆ ಮಾತ್ರ. ಹಿಡಿದ ಕೈ ಯಾರದು, ಆ ದಲ್ಲಾಳಿ ಯಾರ ಪರವಾಗಿದ್ದಾನೆ, ಕೇಳಿಸಿಕೊಂಡ ಬೆಲೆಯನ್ನು ಆತ ಆಮೇಲೆ ಯಾರ ಕಿವಿಗೆ ಹಾಕುತ್ತಾನೆ ಎಂಬುದಕ್ಕೆ ಟವೆಲ್ ಹೊಣೆಯಲ್ಲ. ಸುರಂಗವೂ ಹೊಣೆಯಲ್ಲ. ನನ್ನ ಮಾತೆಲ್ಲ ಇರುವುದು ಈ ಜಾಗದಲ್ಲಿ.

ಜಾಗೃತಿ ಶಿಬಿರಗಳಲ್ಲಿ, ಬ್ಯಾಂಕಿನ ಎಸ್‌ಎಂಎಸ್‌ಗಳಲ್ಲಿ, ಬೆಂಗಳೂರಿನ ಐಟಿ ಕಂಪನಿಗಳಲ್ಲಿ ದುಡಿಯುವ ಮಕ್ಕಳು ಊರಿಗೆ ಬಂದಾಗ ಅಪ್ಪ ಅಮ್ಮನಿಗೆ ಹೇಳಿಕೊಡುವ ಪಾಠದಲ್ಲಿ ಮೂರು ಮಾತು ಇದ್ದೇ ಇರುತ್ತವೆ. ಬೀಗದ ಗುರುತು ಇದೆಯೇ ನೋಡಿ. ಹೊರಗಿನ ವೈಫೈ ಬಳಸುವಾಗ ವಿಪಿಎನ್ ಹಾಕಿಕೊಳ್ಳಿ. ಪಾಸ್‌ವರ್ಡ್, ಒಟಿಪಿ ಯಾರಿಗೂ ಹೇಳಬೇಡಿ. ಈ ಮಾತು ಹೇಳುವವರ ಕಾಳಜಿಯನ್ನು ನಾನು ಗೌರವಿಸುತ್ತೇನೆ. ಆದರೂ ವಿನಯದಿಂದ ನನ್ನ ಭಿನ್ನಾಭಿಪ್ರಾಯ ಹೇಳಲೇಬೇಕು. ಮೊದಲೆರಡು ಮಾತು ಕಾಯುವುದು ದಾರಿಯನ್ನು, ಇವತ್ತು ಕಳ್ಳತನ ನಡೆಯುತ್ತಿರುವುದು ಹೆಚ್ಚಾಗಿ ದಾರಿಯ ಎರಡು ತುದಿಗಳಲ್ಲಿ. ಮೂರನೆಯದು ಇಡೀ ವ್ಯವಸ್ಥೆಯ ಭಾರವನ್ನು ಅದರಲ್ಲಿ ಅತಿ ದುರ್ಬಲರಾದವರ ಹೆಗಲಿಗೆ ಹೊರಿಸುತ್ತದೆ.

ಸುರಂಗ ಏಕೆ ಹುಟ್ಟಿತು ಎಂಬುದನ್ನು ಮೊದಲು ನೋಡೋಣ, ಅದರ ಉಪಕಾರ ದೊಡ್ಡದು. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಒಂದು ಕದ್ದಾಲಿಕೆಯ ತಂತ್ರಾಂಶ ಇಟ್ಟು ಹಾದುಹೋಗುವ ಪಾಸ್‌ವರ್ಡುಗಳನ್ನು ಸಂಗ್ರಹಿಸಿದರು. ಆಗ ದೂರದ ಕಂಪ್ಯೂಟರಿಗೆ ಲಾಗಿನ್ ಆಗಲು ಟೆಲ್ನೆಟ್, ಆರ್‌ಲಾಗಿನ್‌ನಂಥ ವಿಧಾನಗಳಿದ್ದವು. ಅವುಗಳಲ್ಲಿ ಪಾಸ್‌ವರ್ಡ್ ಬೆತ್ತಲೆಯಾಗಿ ಸಾಗುತ್ತಿತ್ತು, ಜಾಲದ ನಡುವೆ ಕುಳಿತವರು ಅದನ್ನು ಓದಿಕೊಳ್ಳಬಹುದಿತ್ತು. ಅಲ್ಲಿನ ಸಂಶೋಧಕ ಟಾಟು ಯೂಲೊನೆನ್ ಇದಕ್ಕೆ ಮದ್ದಾಗಿ ಎಸ್‌ಎಸ್‌ಎಚ್ ಎಂಬ ವಿಧಾನವನ್ನು ಅದೇ ವರ್ಷ ಬರೆದು ಎಲ್ಲರಿಗೂ ಬಿಟ್ಟುಕೊಟ್ಟರು. ಇತ್ತ ನೆಟ್‌ಸ್ಕೇಪ್ ಕಂಪನಿ ಜಾಲತಾಣಗಳಿಗಾಗಿ ಎಸ್‌ಎಸ್‌ಎಲ್ ಹೊರತಂದದ್ದೂ ಅದೇ 1995ರಲ್ಲಿ. ಅದರ ಇಂದಿನ ರೂಪ ಟಿಎಲ್‌ಎಸ್ 1.3, 2018ರಲ್ಲಿ ಬಂತು. ಇಂದು ವಿಧಾನಸೌಧದ ಸುತ್ತಲಿನ ಕಚೇರಿಗಳಲ್ಲಾಗಲಿ ದೊಡ್ಡಬಳ್ಳಾಪುರದ ತಾಲ್ಲೂಕು ಕಚೇರಿಯಲ್ಲಾಗಲಿ ಒಬ್ಬರು ಲಾಗಿನ್ ಆದರೆ ಅವರ ಗುಟ್ಟನ್ನು ಹೊತ್ತೊಯ್ಯುವುದು ಈ ವಂಶದ ಯಾವುದೋ ಒಂದು ಸುರಂಗ.

ಇದರ ಬುಡದಲ್ಲಿರುವ ಗಣಿತ ಮನಸ್ಸು ತುಂಬುವಂಥದ್ದು. ಎಂದೂ ಭೇಟಿಯಾಗದ ಇಬ್ಬರು, ಎಲ್ಲರೂ ಕೇಳಿಸಿಕೊಳ್ಳುತ್ತಿರುವಾಗಲೇ ಮಾತಾಡಿ, ತಮ್ಮಿಬ್ಬರಿಗೆ ಮಾತ್ರ ಗೊತ್ತಿರುವ ಒಂದು ಗುಟ್ಟಿನ ಸಂಖ್ಯೆಗೆ ಬಂದು ಮುಟ್ಟಬಹುದು ಎಂದು ಡಿಫಿ ಮತ್ತು ಹೆಲ್ಮನ್ 1976ರಲ್ಲಿ ತೋರಿಸಿದರು. ಅಲ್ಲಿಯವರೆಗೆ ಗೂಢಲಿಪಿ ಬಳಸಬೇಕಾದರೆ ಕೀಲಿಯನ್ನು ಮೊದಲೇ ಕೈಯಿಂದ ಕೈಗೆ ತಲುಪಿಸಬೇಕಿತ್ತು. ಆ ಕಷ್ಟ ತಪ್ಪಿತು. ಆದರೆ ಆ ಗಣಿತಕ್ಕೆ ಒಂದು ಮಿತಿಯಿದೆ, ಅದು ಆಗಲೇ ಬಲ್ಲವರಿಗೆ ಗೊತ್ತಿತ್ತು. ಇನ್ನೊಂದು ತುದಿಯಲ್ಲಿರುವವನ ಜೊತೆ ಗುಟ್ಟು ಕಟ್ಟಿಕೊಳ್ಳಲು ಅದು ನೆರವಾಗುತ್ತದೆ, ಆ ಇನ್ನೊಬ್ಬ ಯಾರು ಎಂದು ಹೇಳಲು ಅದಕ್ಕೆ ಬರುವುದಿಲ್ಲ. ಕಳ್ಳನ ಜೊತೆಗೂ ಅಷ್ಟೇ ಭದ್ರವಾದ ಸುರಂಗ ಕಟ್ಟಬಹುದು. ಎಸ್‌ಎಸ್‌ಎಚ್ ಮೂಲಕ ಹೊಸ ಯಂತ್ರಕ್ಕೆ ಮೊದಲ ಸಲ ಹೋಗುವಾಗ, ಈ ಯಂತ್ರದ ಗುರುತು ನನಗೆ ಗೊತ್ತಿಲ್ಲ, ಮುಂದುವರಿಯಲೇ ಎಂದು ಅದೇ ಪ್ರಾಮಾಣಿಕವಾಗಿ ಕೇಳುತ್ತದೆ. ಅಲ್ಲಿ ಕಾಣುವ ಗುರುತಿನ ಸಂಖ್ಯೆಯನ್ನು ಇನ್ನೊಂದು ದಾರಿಯಿಂದ ತಾಳೆ ನೋಡಿದ ಮೇಲೆ ಹೌದು ಎನ್ನಬೇಕು. ಕೆಲಸದ ಅವಸರದಲ್ಲಿ ಬಹುತೇಕರು ನೋಡದೆಯೇ ಹೌದು ಎನ್ನುತ್ತಾರೆ. ಅಲ್ಲಿಗೆ ಸುರಂಗದ ಬಲವೆಲ್ಲ ಆ ಒಂದು ಪದದ ಮೇಲೆ ನಿಂತಿತು.

ಬೀಗದ ಗುರುತಿನ ಕತೆಯೂ ಇದೇ. ಒಂದು ಜಾಲತಾಣದ ಹೆಸರು ತನ್ನ ಹಿಡಿತದಲ್ಲಿದೆ ಎಂದು ತೋರಿಸಬಲ್ಲ ಯಾರಿಗೇ ಆಗಲಿ ಬೀಗ ತೋರಿಸಲು ಬೇಕಾದ ಪ್ರಮಾಣಪತ್ರ ಸಿಗುತ್ತದೆ, ಈಗ ಅದು ಉಚಿತವಾಗಿಯೇ ದೊರೆಯುತ್ತದೆ. ಹೆಸರಿನಲ್ಲಿ ಒಂದಕ್ಷರ ತಿರುಚಿ ನಕಲಿ ತಾಣ ಮಾಡಿದವನಿಗೂ ಬೀಗ ಬರುತ್ತದೆ. ಫಿಶಿಂಗ್ ಮೇಲೆ ಕಣ್ಣಿಟ್ಟಿರುವ ಅಂತರರಾಷ್ಟ್ರೀಯ ಒಕ್ಕೂಟ ಎಪಿಡಬ್ಲ್ಯುಜಿ ಲೆಕ್ಕದಂತೆ 2020ರ ಕೊನೆಯ ಹೊತ್ತಿಗೆ ಇಂಥ ಮೋಸದ ತಾಣಗಳಲ್ಲಿ ಶೇ 80ಕ್ಕಿಂತ ಹೆಚ್ಚಿನವು ಬೀಗ ಹಾಕಿಕೊಂಡೇ ಕುಳಿತಿದ್ದವು. ಗೂಗಲ್ ತಾನು 2021ರಲ್ಲಿ ನಡೆಸಿದ ಅಧ್ಯಯನದಲ್ಲಿ ಬೀಗದ ನಿಜವಾದ ಅರ್ಥ ತಿಳಿದಿದ್ದವರು ಶೇ 11 ಮಂದಿ ಮಾತ್ರ ಎಂದು ಹೇಳಿ, 2023ರಲ್ಲಿ ಕ್ರೋಮ್ ಬ್ರೌಸರ್‌ನಿಂದ ಆ ಚಿಹ್ನೆಯನ್ನೇ ತೆಗೆದುಹಾಕಿತು. ಚಿಹ್ನೆ ತೋರಿಸುತ್ತಿದ್ದವರೇ ಕೈಬಿಟ್ಟ ಮೇಲೂ ನಮ್ಮ ಶಿಬಿರಗಳಲ್ಲಿ ಅದನ್ನು ನೋಡಿ ಎಂದು ಹೇಳಿಕೊಡುತ್ತಿರುವುದು ಸರಿಯಲ್ಲ.

ದೇವಸ್ಥಾನಗಳ ಲೋಕದಲ್ಲೇ ಇದಕ್ಕೆ ಉದಾಹರಣೆಯಿದೆ. ಕಲಬುರಗಿ ಜಿಲ್ಲೆಯ ದೇವಲ ಗಾಣಗಾಪುರದ ದತ್ತಾತ್ರೇಯ ದೇವಸ್ಥಾನದ ಹೆಸರಿನಲ್ಲಿ ಕೆಲವು ಅರ್ಚಕರೇ ನಕಲಿ ಜಾಲತಾಣಗಳನ್ನು ತೆರೆದು ಸೇವೆ, ಪೂಜೆಗಳ ಹೆಸರಿನಲ್ಲಿ ಭಕ್ತರ ಹಣ ಪಡೆದಿದ್ದಾರೆ ಎಂಬ ದೂರು 2022ರಲ್ಲಿ ಪೊಲೀಸರ ಮುಂದೆ ಬಂತು. ಕೋಟಿಗಟ್ಟಲೆ ಹಣದ ಮಾತು ಅಲ್ಲಿ ಕೇಳಿಬಂತು. ಹಣ ಕಳಿಸಿದ ಭಕ್ತರ ದಾರಿಯಲ್ಲಿ ಯಾರೂ ಕದ್ದಾಲಿಸಿರಲಿಲ್ಲ, ಕದ್ದಾಲಿಸುವ ಅಗತ್ಯವೂ ಇರಲಿಲ್ಲ. ಆರೋಪ ನಿಜವಾಗಿದ್ದರೆ, ಅವರ ಹಣ ಒಂದು ಪೈಸೆಯೂ ಸೋರದೆ ತಲುಪಬಾರದ ಕಡೆಗೇ ತಲುಪಿತು. ಘಾಟಿಯೂ ಮುಜರಾಯಿ ಇಲಾಖೆಯ ಎ ದರ್ಜೆಯ ದೇವಸ್ಥಾನ. ಸಂತಾನಕ್ಕಾಗಿ ನಾಗಪ್ರತಿಷ್ಠೆಯ ಹರಕೆ ಹೊತ್ತವರು, ಸರ್ಪದೋಷದ ಶಾಂತಿಗೆ ಬರುವವರು ದೂರದ ಊರುಗಳಿಂದ ಮೊದಲು ಫೋನಿನಲ್ಲಿ ಹುಡುಕಿಯೇ ಹೊರಡುತ್ತಾರೆ. ಆ ಹುಡುಕಾಟದಲ್ಲಿ ಮೊದಲು ಸಿಗುವ ತಾಣ ಇಲಾಖೆಯದೇ ಎಂಬ ಖಾತ್ರಿ ಬೀಗದ ಚಿತ್ರದಿಂದ ಬರುವುದಿಲ್ಲ.

ಪ್ರಮಾಣಪತ್ರ ಕೊಡುವವರ ಮೇಲೆ ಪೂರ್ತಿ ಭಾರ ಹಾಕಬಹುದೇ? 2014ರ ಜುಲೈನಲ್ಲಿ ನಮ್ಮದೇ ರಾಷ್ಟ್ರೀಯ ಮಾಹಿತಿ ಕೇಂದ್ರದ, ಅಂದರೆ ಎನ್‌ಐಸಿಯ, ವ್ಯವಸ್ಥೆಯಿಂದ ಗೂಗಲ್ ತಾಣಗಳ ಹೆಸರಿನಲ್ಲಿ ಅನಧಿಕೃತ ಪ್ರಮಾಣಪತ್ರಗಳು ಹೊರಬಿದ್ದದ್ದನ್ನು ಗೂಗಲ್ ಪತ್ತೆಹಚ್ಚಿತು, ಅವನ್ನು ರದ್ದು ಮಾಡಬೇಕಾಯಿತು. ಅದಕ್ಕೂ ಮೊದಲು 2011ರಲ್ಲಿ ನೆದರ್ಲೆಂಡ್ಸಿನ ಡಿಜಿನೋಟಾರ್ ಎಂಬ ಸಂಸ್ಥೆ ಇಂಥದೇ ಸೋರಿಕೆಯಿಂದ ಮುಚ್ಚಿಹೋಯಿತು. ಇವು ಅಪರೂಪದ ಘಟನೆಗಳು, ದಿನವೂ ಆಗುವಂಥವಲ್ಲ. ನಂಬಿಕೆಯ ಸರಪಳಿಯ ಕೊನೆಯಲ್ಲಿ ಗಣಿತವಿಲ್ಲ, ಮನುಷ್ಯರ ಕಚೇರಿಯಿದೆ ಎಂಬುದಷ್ಟೇ ಇಲ್ಲಿ ಗಮನಿಸಬೇಕಾದದ್ದು.

ಇನ್ನು ಸುರಂಗದ ಆಚೆ ತುದಿ. ಪಾಸ್‌ವರ್ಡ್ ಅಲ್ಲಿಗೆ ತಲುಪಿದ ಕೂಡಲೇ ಗೂಢಲಿಪಿ ಬಿಚ್ಚಿಕೊಳ್ಳುತ್ತದೆ. ಸರ್ವರ್ ಅದನ್ನು ನಾವು ಒತ್ತಿದ ರೂಪದಲ್ಲೇ ಓದುತ್ತದೆ. ಅದನ್ನು ಎಲ್ಲೂ ಬರೆದಿಡದೆ, ಒಂದು ಗಣಿತದ ಮುದ್ರೆಯಾಗಿ ಮಾತ್ರ ಇಟ್ಟುಕೊಳ್ಳಬೇಕೆಂಬುದು ಹಳೆಯ ನಿಯಮ. 2018ರ ಮೇ ತಿಂಗಳಲ್ಲಿ ಟ್ವಿಟರ್, ಒಳಗಿನ ಒಂದು ದಾಖಲೆಯಲ್ಲಿ ಪಾಸ್‌ವರ್ಡುಗಳು ಹಾಗೆಯೇ ಬರೆದುಕೊಂಡಿದ್ದವು ಎಂದು ಒಪ್ಪಿಕೊಂಡು, ತನ್ನ 33 ಕೋಟಿ ಬಳಕೆದಾರರಿಗೂ ಪಾಸ್‌ವರ್ಡ್ ಬದಲಿಸಿ ಎಂದು ಹೇಳಬೇಕಾಯಿತು. ಮರುವರ್ಷ ಫೇಸ್‌ಬುಕ್ಕಿನದೂ ಅದೇ ಕತೆ, ಅಲ್ಲಿ ಕೋಟ್ಯಂತರ ಪಾಸ್‌ವರ್ಡುಗಳು ನೌಕರರಿಗೆ ಓದುವಂತೆ ಬಿದ್ದಿದ್ದವು. ಎರಡೂ ಕಂಪನಿಗಳ ಸುರಂಗದಲ್ಲಿ ಒಂದು ಬಿರುಕೂ ಇರಲಿಲ್ಲ.

ವಿಪಿಎನ್ ಕೂಡ ಇಂಥದೇ ಒಂದು ಸುರಂಗ. ಅದರ ವಿಷಯಕ್ಕೆ ಬಂದರೆ, 2021ರಲ್ಲಿ ಅಮೆರಿಕದ ಪೂರ್ವ ಕರಾವಳಿಗೆ ಪೆಟ್ರೋಲ್ ಪೂರೈಸುವ ಕಲೋನಿಯಲ್ ಪೈಪ್‌ಲೈನ್ ಕಂಪನಿ ಸೈಬರ್ ದಾಳಿಯಿಂದ ದಿನಗಟ್ಟಲೆ ಕೊಳವೆ ಮುಚ್ಚಬೇಕಾಗಿ ಬಂದದ್ದನ್ನು ನೆನೆಯಬೇಕು. ದಾಳಿಕೋರರು ಒಳಹೊಕ್ಕದ್ದು ಆ ಕಂಪನಿಯ ವಿಪಿಎನ್ ಮೂಲಕವೇ. ಬಳಕೆಯಲ್ಲಿಲ್ಲದ ಒಂದು ಹಳೆಯ ಖಾತೆ, ಬೇರೆಲ್ಲೋ ಸೋರಿದ್ದ ಒಂದು ಪಾಸ್‌ವರ್ಡ್, ಎರಡನೆಯ ಪರೀಕ್ಷೆ ಇಲ್ಲದ ಬಾಗಿಲು. ಸುರಂಗ ಅವರನ್ನೂ ಯಾರಿಗೂ ಕಾಣದಂತೆ ಭದ್ರವಾಗಿ ಒಳಗೆ ಕರೆದುಕೊಂಡು ಹೋಯಿತು. ಕಂಪನಿ 75 ಬಿಟ್‌ಕಾಯಿನ್ ಒತ್ತೆಹಣ ಕೊಟ್ಟಿತು. ಮನೆಬಳಕೆಗೆ ಮಾರುವ ವಿಪಿಎನ್‌ಗಳದು ಇನ್ನೊಂದು ಬಗೆ. ನಿಮ್ಮ ಇಂಟರ್‌ನೆಟ್ ಕಂಪನಿಯ ಮೇಲಿನ ನಂಬಿಕೆಯನ್ನು ತೆಗೆದು ಅವು ತಮ್ಮ ಮೇಲೆ ಇರಿಸಿಕೊಳ್ಳುತ್ತವೆ, ಅಷ್ಟೇ. ಗ್ರಾಹಕರ ವಿವರವನ್ನು 5 ವರ್ಷ ಇಟ್ಟುಕೊಳ್ಳಬೇಕೆಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್‌-ಇನ್ 2022ರಲ್ಲಿ ಆದೇಶಿಸಿದಾಗ ಕೆಲವು ದೊಡ್ಡ ಕಂಪನಿಗಳು ಭಾರತದಲ್ಲಿದ್ದ ಸರ್ವರ್‌ಗಳನ್ನೇ ತೆಗೆದವು. ದೇವನಹಳ್ಳಿಯ ವಿಮಾನ ನಿಲ್ದಾಣದ ವೈಫೈ ಬಳಸಿ ಬ್ಯಾಂಕ್ ನೋಡಿದರೆ ಪಾಸ್‌ವರ್ಡ್ ಹೋಯಿತು ಎಂದು ಹೆದರಿಸುವ ಕಾಲ ಈಗಿಲ್ಲ. ಬ್ರೌಸರ್‌ನಲ್ಲಿ ತೆರೆಯುವ ಪುಟಗಳಲ್ಲಿ ಶೇ 90ಕ್ಕೂ ಹೆಚ್ಚು ಈಗಾಗಲೇ ಸುರಂಗದಲ್ಲೇ ಬರುತ್ತವೆ.

ದೂರದ ಉದಾಹರಣೆ ಸಾಕು, ನಮ್ಮ ರಾಜ್ಯದ್ದೇ ನೋಡೋಣ. 2024ರ ಸಿಇಟಿ ನಂತರ ಎಂಜಿನಿಯರಿಂಗ್ ಸೀಟುಗಳನ್ನು ತಡೆದಿಡುವ ದಂಧೆ ಬೆಳಕಿಗೆ ಬಂತು. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಕೊಟ್ಟ ದೂರಿನ ಮೇಲೆ ಮಲ್ಲೇಶ್ವರದ ಪೊಲೀಸರು ತನಿಖೆ ಮಾಡಿ ಹಲವರನ್ನು ಬಂಧಿಸಿದರು. ಕಾಲೇಜಿಗೆ ಸೇರುವ ಆಸಕ್ತಿಯಿಲ್ಲದ ಅಭ್ಯರ್ಥಿಗಳ ಲಾಗಿನ್ ವಿವರ ಬೇರೆಯವರ ಕೈ ಸೇರಿ, ಅವರ ಹೆಸರಿನಲ್ಲಿ ಆಯ್ಕೆ ದಾಖಲಾಗಿತ್ತು ಎಂಬುದು ಪೊಲೀಸರ ಆರೋಪ. ಬಂಧಿತರಲ್ಲಿ ಪ್ರಾಧಿಕಾರದ ಒಳಗೇ ಗುತ್ತಿಗೆಯಲ್ಲಿ ದುಡಿದವರೂ ಇದ್ದರು. ಒಂದು ಸೀಟು ಹೀಗೆ ಅಡಗಿದರೆ ಅದಕ್ಕೆ ಅರ್ಹನಾದ ಒಬ್ಬ ಹುಡುಗನೋ ಹುಡುಗಿಯೋ ಹೊರಗುಳಿದಂತೆ. ಆ ಪಾಸ್‌ವರ್ಡುಗಳನ್ನು ಯಾರೂ ತಂತಿಯ ಮೇಲೆ ಕದಿಯಲಿಲ್ಲ. ಅವು ಇದ್ದ ಜಾಗದಿಂದಲೇ ಕೈ ಬದಲಾದವು. ಗೂಢಲಿಪಿಯನ್ನು ಹತ್ತು ಪಟ್ಟು ಗಟ್ಟಿ ಮಾಡಿದ್ದರೂ ಈ ಆರೋಪದ ಒಂದು ಸಾಲೂ ಬದಲಾಗುತ್ತಿರಲಿಲ್ಲ.

ಅದರ ಹಿಂದಿನ ವರ್ಷ, 2023ರಲ್ಲಿ, ಬೆಂಗಳೂರಿನಲ್ಲಿ ಆಸ್ತಿ ನೋಂದಣಿ ಮಾಡಿಸಿದ್ದ ಅನೇಕರ ಬ್ಯಾಂಕ್ ಖಾತೆಯಿಂದ ಹಣ ಮಾಯವಾಯಿತು. ಒಟಿಪಿ ಬಂದಿರಲಿಲ್ಲ, ಯಾರಿಗೂ ಏನೂ ಹೇಳಿರಲಿಲ್ಲ. ಆಧಾರ್ ಸಂಖ್ಯೆ ಮತ್ತು ಬೆರಳಚ್ಚು ಇದ್ದರೆ ಹಣ ತೆಗೆಯಬಹುದಾದ ಎಇಪಿಎಸ್ ಎಂಬ ವ್ಯವಸ್ಥೆಯ ಮೂಲಕ ಅದು ನಡೆದಿತ್ತು. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿದ್ದ ನೋಂದಾಯಿತ ಪತ್ರಗಳಿಂದಲೇ ಬೆರಳಚ್ಚಿನ ಚಿತ್ರ ನಕಲಾಗಿದೆ ಎಂಬ ಜಾಡು ಪೊಲೀಸರಿಗೆ ಸಿಕ್ಕಿತು. ಬಳಿಕ ಬೆರಳಚ್ಚನ್ನು ಮಸುಕು ಮಾಡುವ ಕ್ರಮಕ್ಕೆ ಸರ್ಕಾರ ಮುಂದಾಯಿತು. ವಿಮಾನ ನಿಲ್ದಾಣ 2008ರಲ್ಲಿ ಬಂದಮೇಲೆ ದೇವನಹಳ್ಳಿ, ದೊಡ್ಡಬಳ್ಳಾಪುರದ ಸುತ್ತ ಎಷ್ಟು ಜಮೀನು ಕೈ ಬದಲಾಯಿಸಿದೆ ಎಂಬುದು ಈ ಭಾಗದವರಿಗೆ ಹೇಳಬೇಕಾಗಿಲ್ಲ. ಪ್ರತಿ ಕ್ರಯಪತ್ರದಲ್ಲೂ ಒಬ್ಬ ರೈತನ ಹೆಬ್ಬೆಟ್ಟು ಇದೆ. ಪಾಸ್‌ವರ್ಡ್ ಸೋರಿದರೆ ಬದಲಿಸಬಹುದು, ಹೆಬ್ಬೆಟ್ಟನ್ನು ಬದಲಿಸಲಾಗದು.

ಇದೇ ಬೆರಳಚ್ಚು ಇನ್ನೊಂದು ಕಡೆ ಒಳ್ಳೆಯ ಕೆಲಸ ಮಾಡಿದ್ದನ್ನೂ ಹೇಳಬೇಕು. ಭೂಮಿ ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು 2001ರ ಹೊತ್ತಿಗೆ ಗಣಕಕ್ಕೆ ಏರಿಸಿದಾಗ, ತಾಲ್ಲೂಕು ಕಚೇರಿಯ ನೌಕರರು ಪಾಸ್‌ವರ್ಡಿನ ಜೊತೆಗೇ ಬೆರಳಿಟ್ಟು ಲಾಗಿನ್ ಆಗುವ ಏರ್ಪಾಡು ಮಾಡಲಾಯಿತು. ಖಾತೆ ಬದಲಾವಣೆಗೆ ಒಪ್ಪಿಗೆ ಕೊಟ್ಟವರು ಯಾರು ಎಂಬುದು ದಾಖಲೆಯಲ್ಲಿ ಉಳಿಯಿತು, ಆಮೇಲೆ ನಾನಲ್ಲ ಎನ್ನುವಂತಿರಲಿಲ್ಲ. ಆ ಕಾಲಕ್ಕೆ ದೇಶದಲ್ಲೇ ಹೊಸತಾದ ಯೋಚನೆ ಅದು. ಅಲ್ಲಿ ಬೆರಳು ಬಳಕೆಯಾದದ್ದು ನೌಕರನನ್ನು ಹೊಣೆಗಾರನನ್ನಾಗಿ ಮಾಡಲು, ಸರ್ಕಾರಿ ಕೊಠಡಿಯೊಳಗೆ, ನಾಲ್ಕು ಜನರ ಎದುರು. ಎಇಪಿಎಸ್‌ನಲ್ಲಿ ಬಳಕೆಯಾದದ್ದು ಯಾವುದೋ ಊರಿನ ಯಾವುದೋ ಮೂಲೆಯಲ್ಲಿ, ಖಾತೆದಾರ ಎದುರಿಗಿಲ್ಲದೆ. ಒಂದೇ ಬೆರಳು ಒಂದು ಕಡೆ ಕಾವಲಾಯಿತು, ಇನ್ನೊಂದು ಕಡೆ ಕನ್ನವಾಯಿತು. ಎರಡರ ನಡುವಿನ ಅಂತರ ತುದಿಯಲ್ಲಿ ಯಾರು ಕುಳಿತಿದ್ದಾರೆ, ಅವರ ಮೇಲೆ ಯಾರ ಕಣ್ಣಿದೆ ಎಂಬುದರಲ್ಲಿದೆ.

ಇನ್ನು ಮೂರನೆಯ ಉಪದೇಶ, ಯಾರಿಗೂ ಹೇಳಬೇಡಿ ಎಂಬುದು. ನನಗೆ ಅತಿ ಹೆಚ್ಚು ನೋವು ಕೊಡುವುದು ಇದೇ. ತೂಬಗೆರೆ ಹೋಬಳಿಯ ಹಳ್ಳಿಯೊಂದರ ಅಜ್ಜಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ವೃದ್ಧಾಪ್ಯ ವೇತನ ನಿಂತಿದೆ. ಗೃಹಲಕ್ಷ್ಮಿಯ 2,000 ರೂಪಾಯಿ ಬಂದಿಲ್ಲ. ಗ್ರಾಮ ಒನ್‌ಗೆ ಹೋಗುತ್ತಾಳೆ, ಇಲ್ಲವೇ ಪೇಟೆಯ ಸೈಬರ್ ಸೆಂಟರ್‌ಗೆ. ‘ಅಜ್ಜಿ, ಫೋನಿಗೆ ಒಟಿಪಿ ಬಂದಿದೆ ನೋಡಿ, ಹೇಳಿ’ ಎನ್ನುತ್ತಾನೆ ಹುಡುಗ. ಅಜ್ಜಿಗೆ ಇಂಗ್ಲಿಷ್ ಅಕ್ಷರ ಬಾರದು. ಫೋನನ್ನೇ ಅವನ ಕೈಗೆ ಕೊಡುತ್ತಾಳೆ. ಈಗ ಹೇಳಿ, ಅವಳು ತಪ್ಪು ಮಾಡಿದಳೇ? ಒಟಿಪಿ ಹೇಳದಿದ್ದರೆ ಅವಳ ಅರ್ಜಿ ಮುಂದೆ ಹೋಗುವುದಿಲ್ಲ. ಯಾರಿಗೂ ಹೇಳಬೇಡ ಎಂದು ಎಚ್ಚರಿಸುವ ಸರ್ಕಾರವೇ, ಹೇಳದೆ ಕೆಲಸವಾಗದಂಥ ವ್ಯವಸ್ಥೆಯನ್ನೂ ಕಟ್ಟಿದೆ. ಹಣ ಹೋದ ದಿನ ಮಾತ್ರ, ನೀವೇಕೆ ಹೇಳಿದಿರಿ ಎಂಬ ಪ್ರಶ್ನೆ ಅವಳಿಗೇ ಬರುತ್ತದೆ.

ಆ ಹುಡುಗನನ್ನೂ ನಾನು ಕಳ್ಳ ಎನ್ನುತ್ತಿಲ್ಲ. ಬಹುಪಾಲು ಹುಡುಗರು ಪ್ರಾಮಾಣಿಕರು, ಸರ್ವರ್ ಡೌನ್ ಆದಾಗ ಜನರ ಬೈಗುಳ ತಿನ್ನುವವರು ಅವರೇ. ವಿದ್ಯಾರ್ಥಿವೇತನದ ಅರ್ಜಿ ಹಾಕಲು ಬಂದ ಮಕ್ಕಳ ಪಾಸ್‌ವರ್ಡುಗಳನ್ನು ಅವರು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾರೆ, ಮುಂದಿನ ವರ್ಷ ಮಕ್ಕಳು ಮರೆತು ಬಂದಾಗ ಉಪಯೋಗಕ್ಕೆ ಬರಲಿ ಎಂದು. ಅದು ಉಪಕಾರದ ಬುದ್ಧಿ. ಆದರೆ ಆ ನೋಟ್‌ಬುಕ್ ಇನ್ನೊಬ್ಬನ ಕೈಗೆ ಸಿಕ್ಕರೆ ನೂರಾರು ಮನೆಗಳ ಬಾಗಿಲು ಒಟ್ಟಿಗೆ ತೆರೆದಂತೆ.

ಕಚೇರಿಗಳ ಒಳಗೂ ಹೀಗೇ. ಕಡತ ಎಲ್ಲಿದೆ ಎಂದು ಕೇಳಿದರೆ, ಆರ್‌ಐ ಲಾಗಿನ್‌ನಲ್ಲಿದೆ, ತಹಶೀಲ್ದಾರ್ ಲಾಗಿನ್‌ಗೆ ಹೋಗಿದೆ ಎಂಬ ಉತ್ತರ ಬರುತ್ತದೆ. ಆ ಲಾಗಿನ್ ಎದುರು ನಿಜವಾಗಿ ಕುಳಿತಿರುವುದು ಎಷ್ಟೋ ಕಡೆ ಗುತ್ತಿಗೆಯ ಡಾಟಾ ಎಂಟ್ರಿ ಆಪರೇಟರ್. ಸಾಹೇಬರು ಸಭೆಯಲ್ಲಿರುತ್ತಾರೆ, ಚುನಾವಣಾ ಕೆಲಸದಲ್ಲಿರುತ್ತಾರೆ, ಇತ್ತ ಅರ್ಜಿಗಳು ಸಕಾಲದ ಗಡುವು ಮೀರುತ್ತಿರುತ್ತವೆ. ಹಾಗಾಗಿ ಪಾಸ್‌ವರ್ಡೂ ಡಿಜಿಟಲ್ ಸಹಿಯ ಡಿಎಸ್‌ಸಿ ಕೀಯೂ ಆಪರೇಟರ್ ಬಳಿಯೇ ಉಳಿಯುತ್ತವೆ. ತಾಲ್ಲೂಕು ಕಚೇರಿಯನ್ನು ರಾಜಧಾನಿಗೆ ಬೆಸೆದಿರುವ ಕೆ-ಸ್ವಾನ್ ಜಾಲ ತನ್ನ ಪಾಲಿನ ಕಾವಲು ಕಾಯುತ್ತಲೇ ಇರುತ್ತದೆ. ಅದರೊಳಗೆ ಹೋದ ಸಹಿ ಮಾತ್ರ ಸಹಿ ಹಾಕಬೇಕಾದವರದಲ್ಲ. ಇದನ್ನು ಆಪರೇಟರನ ಅಪರಾಧವೆಂದು ಬರೆದು ಮುಗಿಸುವುದು ಸುಲಭ. ಕೆಲಸವನ್ನು ಇನ್ನೊಬ್ಬರಿಗೆ ವಹಿಸುವ ನ್ಯಾಯವಾದ ದಾರಿ ತಂತ್ರಾಂಶದಲ್ಲಿ ಇಲ್ಲದಿದ್ದಾಗ ಜನ ಪಾಸ್‌ವರ್ಡನ್ನೇ ವಹಿಸುತ್ತಾರೆ.

ಹಾಗಾದರೆ ಮಾಡಬೇಕಾದ್ದೇನು? ನನ್ನ ಮೊದಲ ಉತ್ತರ ವಿಚಿತ್ರವಾಗಿ ಕೇಳಿಸಬಹುದು. ಪಾಸ್‌ವರ್ಡನ್ನು ಸುರಂಗದೊಳಗೆ ಭದ್ರವಾಗಿ ಕಳಿಸುವ ಅತ್ಯುತ್ತಮ ವಿಧಾನ ಅದನ್ನು ಕಳಿಸದೇ ಇರುವುದು. ಇದು ಹೊಸ ಮಾತಲ್ಲ. 1980ರ ದಶಕದಲ್ಲೇ ಅಮೆರಿಕದ ಎಂಐಟಿಯಲ್ಲಿ ರೂಪುಗೊಂಡ ಕರ್ಬರಾಸ್ ವ್ಯವಸ್ಥೆಯಲ್ಲಿ ಪಾಸ್‌ವರ್ಡ್ ಜಾಲದ ಮೇಲೆ ಸಾಗುತ್ತಲೇ ಇರಲಿಲ್ಲ. ಎಸ್‌ಎಸ್‌ಎಚ್ ಬಳಸುವ ಇಂಜಿನಿಯರುಗಳು ಬಹುಕಾಲದಿಂದ ಪಾಸ್‌ವರ್ಡ್ ಬಿಟ್ಟು ಜೋಡಿ ಕೀಲಿ ಹಿಡಿದಿದ್ದಾರೆ. ಒಂದು ಕೀಲಿ ತಮ್ಮ ಯಂತ್ರದಲ್ಲೇ ಉಳಿಯುತ್ತದೆ, ಅದರ ಜೋಡಿ ಸರ್ವರ್‌ನಲ್ಲಿರುತ್ತದೆ. ಸರ್ವರ್ ಪ್ರತಿಸಲವೂ ಹೊಸದೊಂದು ಪ್ರಶ್ನೆ ಕೇಳುತ್ತದೆ, ಯಂತ್ರ ತನ್ನ ಕೀಲಿಯಿಂದ ಅದಕ್ಕೆ ಸಹಿ ಹಾಕಿ ಉತ್ತರ ಕಳಿಸುತ್ತದೆ. ಆ ಉತ್ತರ ಇನ್ನೊಮ್ಮೆ ಕೆಲಸಕ್ಕೆ ಬಾರದು. ಸರ್ವರ್‌ನ ಕಡತವೆಲ್ಲ ಕಳ್ಳತನವಾದರೂ ಅಲ್ಲಿ ಗುಟ್ಟೇ ಇರುವುದಿಲ್ಲ. ಇದೇ ತತ್ವ 2019ರಲ್ಲಿ ವೆಬ್‌ಆಥ್ನ್ ಎಂಬ ಮಾನದಂಡವಾಗಿ ಜಾಲತಾಣಗಳಿಗೆ ಬಂತು, 2022ರಲ್ಲಿ ಆಪಲ್, ಗೂಗಲ್, ಮೈಕ್ರೋಸಾಫ್ಟ್ ಮೂರೂ ಪಾಸ್‌ಕೀ ಹೆಸರಿನಲ್ಲಿ ಅದನ್ನು ಒಪ್ಪಿಕೊಂಡವು. ಪಾಸ್‌ಕೀ ಇನ್ನೊಂದು ದೊಡ್ಡ ಉಪಕಾರ ಮಾಡುತ್ತದೆ. ಅದು ತಾಣದ ಹೆಸರಿಗೆ ಕಟ್ಟಿಕೊಂಡಿರುತ್ತದೆ. ಹೆಸರಿನಲ್ಲಿ ಒಂದಕ್ಷರ ಬೇರೆಯಾದರೂ ಫೋನ್ ಉತ್ತರಿಸುವುದಿಲ್ಲ. ನಕಲಿ ದೇವಸ್ಥಾನದ ತಾಣವನ್ನು ಅಸಲಿಯಿಂದ ಬೇರ್ಪಡಿಸುವ ಕೆಲಸವನ್ನು ಅಜ್ಜಿಯ ಕಣ್ಣಿನಿಂದ ತೆಗೆದು ಯಂತ್ರಕ್ಕೆ ಕೊಟ್ಟಂತಾಯಿತು.

ನಮ್ಮ ಹಳ್ಳಿಯ ಜನಕ್ಕೆ ಇದು ನಿಲುಕದು ಎಂಬ ಆಕ್ಷೇಪವನ್ನು ನಾನು ಒಪ್ಪುವುದಿಲ್ಲ. ಘಾಟಿಯ ದೇವಸ್ಥಾನದ ಬೀದಿಯಲ್ಲಿ ಹೂವು, ಕಾಯಿ ಮಾರುವವರು ಯುಪಿಐ ಬಳಸುತ್ತಾರೆ. 2016ರಲ್ಲಿ ಬಂದ ಯುಪಿಐ ಗೆದ್ದದ್ದರ ಹಿಂದೆ ಒಂದು ಮುಖ್ಯ ಗುಣವಿದೆ. ಅದರಲ್ಲಿ ಫೋನ್, ಸಿಮ್, ಖಾತೆ ಮೂರೂ ಒಂದಕ್ಕೊಂದು ಕಟ್ಟಿಕೊಂಡಿವೆ. ಪಿನ್ ಒಂದೇ ಗೊತ್ತಾದರೆ ಇನ್ನೊಂದು ಫೋನಿನಿಂದ ಹಣ ತೆಗೆಯಲಾಗದು. ಆ ಪಿನ್ ಕೂಡ ಫೋನಿನೊಳಗೇ, ಯುಪಿಐ ನಡೆಸುವ ಎನ್‌ಪಿಸಿಐ ಕೊಟ್ಟ ತಂತ್ರಾಂಶದ ಪುಟದಲ್ಲಿ ಗೂಢಲಿಪಿಯಾಗುತ್ತದೆ, ಆ್ಯಪ್ ನಡೆಸುವ ಕಂಪನಿಗೂ ಕಾಣಿಸುವುದಿಲ್ಲ. ಯುಪಿಐನಲ್ಲೂ ಮೋಸ ನಡೆಯುತ್ತದೆ, ನಿಜ. ಆದರೆ ಅಲ್ಲಿ ಮೋಸಗಾರ ಹೆಚ್ಚಾಗಿ ಖಾತೆದಾರನನ್ನೇ ನಂಬಿಸಿ ಅವನ ಕೈಯಿಂದಲೇ ಹಣ ಕಳಿಸಬೇಕಾಗುತ್ತದೆ. ಕದ್ದ ಒಂದು ಪದದಿಂದ ಸಾವಿರ ಖಾತೆ ದೋಚುವುದಕ್ಕೆ ಹೋಲಿಸಿದರೆ ಅದು ಬಹಳ ಕಷ್ಟದ ಕೆಲಸ. ಜನ ಗಣಿತ ಕಲಿಯಬೇಕಾಗಲಿಲ್ಲ, ಕಟ್ಟುವವರು ಸರಿಯಾಗಿ ಕಟ್ಟಿದರು.

ಎರಡನೆಯ ಉತ್ತರ ನನ್ನ ಮಟ್ಟಿಗೆ ಇನ್ನೂ ಮುಖ್ಯವಾದದ್ದು. ಇನ್ನೊಬ್ಬರ ನೆರವು ಪಡೆಯುವುದನ್ನು ತಪ್ಪೆಂದು ಕಾಣದೆ, ಅದಕ್ಕೆ ಕಾನೂನಿನ ಜಾಗ ಕೊಡಬೇಕು. ಯುಪಿಐ ಸರ್ಕಲ್ ಎಂಬುದು 2024ರಲ್ಲಿ ಬಂತು. ಖಾತೆ ಇರುವವರು ತಮ್ಮ ಪಿನ್ ಕೊಡದೆ, ಮನೆಯ ಇನ್ನೊಬ್ಬರಿಗೆ ತಿಂಗಳಿಗೆ 15,000 ರೂಪಾಯಿಯೊಳಗೆ ಖರ್ಚು ಮಾಡುವ ಅಧಿಕಾರ ಕೊಡಬಹುದು, ಬೇಡವಾದಾಗ ಹಿಂದಕ್ಕೆ ಪಡೆಯಬಹುದು. ಪ್ರತಿ ವ್ಯವಹಾರಕ್ಕೂ ತಮ್ಮ ಒಪ್ಪಿಗೆ ಬೇಕೆಂದೂ ಇಟ್ಟುಕೊಳ್ಳಬಹುದು. ಸೇವಾ ಸಿಂಧುವಿಗೆ, ವಿದ್ಯಾರ್ಥಿವೇತನದ ತಾಣಕ್ಕೆ, ಸಿಇಟಿಯ ಆಯ್ಕೆ ಪ್ರಕ್ರಿಯೆಗೆ ಇಂಥ ಏರ್ಪಾಡು ಏಕಿರಬಾರದು? ಗ್ರಾಮ ಒನ್ ಸಿಬ್ಬಂದಿಗೆ ಅವರದೇ ಲಾಗಿನ್ ಕೊಟ್ಟದ್ದು ಒಳ್ಳೆಯ ಹೆಜ್ಜೆ. ಮುಂದಿನ ಹೆಜ್ಜೆ ಅಜ್ಜಿಯ ಒಪ್ಪಿಗೆಯದು. ಈ ಹುಡುಗ ನನ್ನ ಪರವಾಗಿ ಈ ಒಂದು ಅರ್ಜಿಯನ್ನು ಮಾತ್ರ, ಇವತ್ತು ಮಾತ್ರ ಹಾಕಬಹುದು ಎಂಬ ಅನುಮತಿ. ಅದು ಕನ್ನಡದ ಧ್ವನಿಯಲ್ಲಿ ಅವಳ ಫೋನಿಗೆ ಕೇಳಿಸಬೇಕು. ಯಾರು, ಯಾವಾಗ, ಏನು ಮಾಡಿದರು ಎಂಬುದು ಇಬ್ಬರ ಹೆಸರಿನಲ್ಲೂ ದಾಖಲಾಗಬೇಕು.

ಇದನ್ನೇ ಬಳಸಿಕೊಂಡು ಮಧ್ಯವರ್ತಿಗಳು ಕೊಬ್ಬುವುದಿಲ್ಲವೇ ಎಂದು ಕೇಳುವ ಸ್ನೇಹಿತರಿದ್ದಾರೆ. ಅವರ ಭಯ ಸಹಜ. ಆದರೆ ಮಧ್ಯವರ್ತಿಗಳು ಈಗಲೂ ಇದ್ದಾರೆ, ಹೆಸರಿಲ್ಲದೆ, ದಾಖಲೆಯಿಲ್ಲದೆ, ಜನರ ಪಾಸ್‌ವರ್ಡ್ ಹಿಡಿದುಕೊಂಡು. ಹೆಸರು ಬಂದರೆ ಹೊಣೆ ಬರುತ್ತದೆ. ಫೋನ್ ಕಳೆದುಹೋದರೆ ಕೀಲಿಯೂ ಹೋಯಿತಲ್ಲ ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಮನೆಗೊಂದೇ ಫೋನ್ ಇರುವ ಕಡೆ ಈ ಸಮಸ್ಯೆ ನಿಜವಾಗಿ ಕಾಡುತ್ತದೆ. ಅದಕ್ಕೆ ಆಧಾರ್ ಕೇಂದ್ರದಲ್ಲೋ ನಾಡಕಚೇರಿಯಲ್ಲೋ ಖುದ್ದಾಗಿ ಹೋಗಿ ಹೊಸ ಕೀಲಿ ಪಡೆಯುವ ಸೌಕರ್ಯ ಬೇಕಾಗುತ್ತದೆ. ಖರ್ಚಿನ ಬಾಬತ್ತು, ಒಪ್ಪುತ್ತೇನೆ. ಸುರಂಗ ಬೇಡವೆಂದು ಮಾತ್ರ ನಾನು ಎಲ್ಲೂ ಹೇಳಿಲ್ಲ. ಅದು ಇರಲೇಬೇಕು, ಹಳೆಯ ಯಂತ್ರಗಳಿಗೂ ಹಳೆಯ ತಂತ್ರಾಂಶಗಳಿಗೂ ಇವತ್ತಿಗೂ ಅದೊಂದೇ ರಕ್ಷೆ. ಅದು ಕಟ್ಟಿದ ಮೇಲೆ ಕೆಲಸ ಮುಗಿಯಿತು ಎಂಬ ಸಮಾಧಾನಕ್ಕೆ ನನ್ನ ವಿರೋಧ.

ಅಲ್ಲಿಯವರೆಗೆ ಓದುಗರು ಮಾಡಬಹುದಾದ ಒಂದೆರಡು ಕೆಲಸ ಹೇಳುತ್ತೇನೆ. ಮನೆಯ ಹಿರಿಯರ ಆಧಾರ್ ಬೆರಳಚ್ಚನ್ನು ಅಧಿಕೃತ ಆಧಾರ್ ಆ್ಯಪ್‌ನಲ್ಲಿ ಲಾಕ್ ಮಾಡಿಸಿ, ಪಡಿತರಕ್ಕೋ ಪಿಂಚಣಿಗೋ ಬೇಕಾದ ದಿನ ತೆರೆಯಬಹುದು. ಅನುಮಾನವಿದ್ದರೆ ಆಧಾರ್ ಸಹಾಯವಾಣಿ 1947ಕ್ಕೆ ಕರೆಮಾಡಿ. ದೇವಸ್ಥಾನದ ಸೇವೆಗೆ ಹಣ ಕಳಿಸುವ ಮೊದಲು ಇಲಾಖೆಯ ತಾಣದ ವಿಳಾಸವನ್ನು ದೇವಸ್ಥಾನದ ಕಚೇರಿಯಲ್ಲೇ ಕೇಳಿ ಬರೆದುಕೊಳ್ಳಿ. ಖಾತೆಯಿಂದ ಹಣ ಹೋದರೆ ನಾಚದೆ, ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆಮಾಡಿ, ಮೊದಲ ಗಂಟೆಗಳಲ್ಲಿ ದೂರು ಬಂದರೆ ಹಣವನ್ನು ನಡುವೆಯೇ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಇ-ಆಡಳಿತ ಇಲಾಖೆಯ ಅಧಿಕಾರಿಗಳಲ್ಲಿ ನನ್ನ ಪ್ರಾರ್ಥನೆ ಇದು. ಮುಂದಿನ ತಾಣದ ಟೆಂಡರ್ ಬರೆಯುವಾಗ ಗೂಢಲಿಪಿಯ ಷರತ್ತಿನ ಕೆಳಗೆ ಇನ್ನೆರಡು ಸಾಲು ಸೇರಿಸಿ. ಪಾಸ್‌ವರ್ಡ್ ಇಲ್ಲದೆ ಒಳಬರುವ ದಾರಿ ಇರಬೇಕು. ಇನ್ನೊಬ್ಬರ ನೆರವಿನಿಂದ ಬಳಸುವವರಿಗೆ ತಮ್ಮ ಗುಟ್ಟು ಒಪ್ಪಿಸದೆ ನೆರವು ಪಡೆಯುವ ಹಕ್ಕು ಇರಬೇಕು. ಈ ಎರಡು ಸಾಲು ಬರುವವರೆಗೆ, ಒಟಿಪಿ ಹೇಳಿದ್ದಕ್ಕೆ ಯಾವ ಅಜ್ಜಿಯನ್ನೂ ಗದರಬೇಡಿ.